ಮೂರನೆಯ ಸ್ಥಾನದಿಂದ ಗೆಲುವಿಗೆ: ಅಡುಗೆ ನಿರೂಪಕರ ಹುಡುಕಾಟದ ಒಂದು ಪ್ರಕರಣ ಅಧ್ಯಯನ

ಅಡುಗೆ ಕಾರ್ಯಕ್ರಮಕ್ಕೆ ನಿರೂಪಕರನ್ನು ಸ್ಪರ್ಧೆಯ ಮೂಲಕವೇ ಹುಡುಕುವ ಪದ್ಧತಿಯನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿ ತೋರಿಸಿದ್ದು ಅಮೆರಿಕದ ಫುಡ್ ನೆಟ್‌ವರ್ಕ್ ವಾಹಿನಿ. ‘ದ ನೆಕ್ಸ್ಟ್ ಫುಡ್ ನೆಟ್‌ವರ್ಕ್ ಸ್ಟಾರ್’ ಎಂಬ ಹೆಸರಿನಲ್ಲಿ 2005ರಲ್ಲಿ ಆರಂಭವಾದ ಈ ಸ್ಪರ್ಧೆ 2018ರವರೆಗೆ ಹದಿನಾಲ್ಕು ಸೀಸನ್ ನಡೆಯಿತು. ಅವುಗಳಲ್ಲಿ 2007ರ ಮೂರನೆಯ ಸೀಸನ್ನನ್ನು ಮಾತ್ರ ಇಲ್ಲಿ ಅಧ್ಯಯನಕ್ಕೆ ಎತ್ತಿಕೊಂಡಿದ್ದೇನೆ. ಆ ಸೀಸನ್ನಿನಲ್ಲಿ ಅಂತಿಮ ಸುತ್ತಿಗೆ ಬಂದಿದ್ದ ಒಬ್ಬರು ತಮ್ಮ ಬಗ್ಗೆ ಹೇಳಿಕೊಂಡದ್ದು ನಿಜವಲ್ಲವೆಂದು ತಿಳಿದು ಹಿಂದೆ ಸರಿದರು; ಅವರ ಜಾಗಕ್ಕೆ, ಅದಾಗಲೇ ಸೋತು ಹೊರಬಿದ್ದಿದ್ದ ಒಬ್ಬರು ಮರಳಿ ಬಂದರು; ಮರಳಿ ಬಂದವರೇ ಗೆದ್ದರು; ಗೆದ್ದವರು ಆರು ಸಂಚಿಕೆಗಳ ನಂತರ ಕೆಲಸ ಬಿಟ್ಟರು. ಇವುಗಳಲ್ಲಿ ಹೆಚ್ಚು ಸದ್ದು ಮಾಡಿದ್ದು ಮೊದಲನೆಯ ಸಂಗತಿ, ಆದರೆ ನಿರೂಪಕರನ್ನು ಆರಿಸುವ ಕೆಲಸದಲ್ಲಿರುವವರು ಹೆಚ್ಚು ಹೊತ್ತು ನಿಂತು ನೋಡಬೇಕಾದದ್ದು ಕೊನೆಯದನ್ನು ಎಂಬುದು ನನ್ನ ಅಭಿಪ್ರಾಯ.

ಸ್ಪರ್ಧಿಗಳ ಹೆಸರು ಸಾರ್ವಜನಿಕ ದಾಖಲೆಯಲ್ಲಿ ಸಿಗುತ್ತದೆ. ಆದರೂ ಇಲ್ಲಿ ಅವರನ್ನು ಕ, ಖ, ಗ ಎಂದಷ್ಟೇ ಕರೆಯುತ್ತೇನೆ. ಹಿಂದೆ ಸರಿದವರು ಕ, ಅಂತಿಮ ಸುತ್ತಿನಲ್ಲಿ ಕೊನೆಯವರೆಗೂ ಉಳಿದವರು ಖ, ಸೋತು ಮರಳಿ ಗೆದ್ದವರು ಗ. ಇಷ್ಟು ವರ್ಷಗಳ ನಂತರವೂ ಒಬ್ಬರ ತಪ್ಪನ್ನು ಹೆಸರು ಹಿಡಿದು ಆಡಿಕೊಳ್ಳುವುದರಿಂದ ಯಾರಿಗೂ ಪ್ರಯೋಜನವಿಲ್ಲ. ಈ ಪ್ರಕರಣದಲ್ಲಿ ಗಮನಿಸಬೇಕಾದದ್ದು ವಾಹಿನಿ ಯಾವ ಹಂತದಲ್ಲಿ ಯಾವ ನಿರ್ಧಾರ ಕೈಗೊಂಡಿತು ಎಂಬುದನ್ನು.

ಹಿನ್ನೆಲೆ

ಟೆಲಿವಿಷನ್ನಿನಲ್ಲಿ ಅಡುಗೆ ತೋರಿಸುವವರು ಬಹಳ ಕಾಲದವರೆಗೆ ಬೇರೆ ದಾರಿಗಳಿಂದ ಬರುತ್ತಿದ್ದರು. 1963ರಲ್ಲಿ ಬಾಸ್ಟನ್ನಿನ ಸಾರ್ವಜನಿಕ ವಾಹಿನಿಯಲ್ಲಿ ಕಾಣಿಸಿಕೊಂಡ ಜೂಲಿಯಾ ಚೈಲ್ಡ್ ಅವರಿಗೆ ಆ ಅವಕಾಶ ಬಂದದ್ದು ಅಡುಗೆ ಪುಸ್ತಕವೊಂದರ ಸಹಲೇಖಕಿಯಾಗಿ ಪುಸ್ತಕ ಪರಿಚಯದ ಕಾರ್ಯಕ್ರಮಕ್ಕೆ ಹೋದ ಮೇಲೆ. 1993ರ ನವೆಂಬರ್‌ನಲ್ಲಿ ಫುಡ್ ನೆಟ್‌ವರ್ಕ್ ಪ್ರಸಾರ ಆರಂಭಿಸಿದಾಗ ಅದು ನೆಚ್ಚಿಕೊಂಡದ್ದು ಹೋಟೆಲ್ ಉದ್ಯಮದಲ್ಲಿ ಅದಾಗಲೇ ಹೆಸರು ಮಾಡಿದ್ದ ಬಾಣಸಿಗರನ್ನು. ನ್ಯೂ ಆರ್ಲಿಯನ್ಸ್‌ನ ಎಮೆರಿಲ್ ಲಗಾಸಿ ಅವರಲ್ಲಿ ಎಲ್ಲರಿಗಿಂತ ಪರಿಚಿತರು. ನಮ್ಮಲ್ಲಿಯೂ ದಾರಿ ಇದಕ್ಕಿಂತ ತೀರಾ ಭಿನ್ನವಾಗಿರಲಿಲ್ಲ, ಹೋಟೆಲ್ಲಿನ ಬದಲು ನಟನೆ ಇತ್ತು ಅಷ್ಟೆ. ಸ್ಟಾರ್ ಸುವರ್ಣ ವಾಹಿನಿಯ ‘ಬೊಂಬಾಟ್ ಭೋಜನ’ ನಡೆಸಿಕೊಟ್ಟ ಸಿಹಿಕಹಿ ಚಂದ್ರು ಅವರನ್ನು ಕನ್ನಡ ಪ್ರೇಕ್ಷಕರು ಸೌಟು ಹಿಡಿಯುವುದಕ್ಕೆ ದಶಕಗಳ ಮೊದಲೇ ಬಲ್ಲವರಾಗಿದ್ದರು. ಮುಖ ಪರಿಚಿತವಾಗಿದ್ದರೆ ವಾಹಿನಿಗೆ ಅರ್ಧ ಕೆಲಸ ಮುಗಿದಂತೆ.

ಪರಿಚಿತ ಮುಖಗಳನ್ನು ಬಿಟ್ಟು, ಯಾರೂ ಕೇಳಿರದವರನ್ನು ಪ್ರೇಕ್ಷಕರ ಕಣ್ಣೆದುರೇ ನಿರೂಪಕರನ್ನಾಗಿ ಮಾಡುವುದು 2005ರ ಪ್ರಯೋಗದ ಹೊಸತನ. ಇದರಲ್ಲಿ ವ್ಯಾಪಾರದ ಲೆಕ್ಕವೂ ಇತ್ತು: ಹುಡುಕಾಟವೇ ಒಂದು ಕಾರ್ಯಕ್ರಮವಾಗುತ್ತದೆ, ಮತ್ತು ಅದು ಮುಗಿಯುವ ಹೊತ್ತಿಗೆ ಗೆದ್ದವರ ಮುಖ ಜನರಿಗೆ ಪರಿಚಯವಾಗಿರುತ್ತದೆ. ಮೊದಲ ಸೀಸನ್ ಗೆದ್ದವರು ಶಿಕಾಗೊದಲ್ಲಿ ಕೇಟರಿಂಗ್ ನಡೆಸುತ್ತಿದ್ದ ಇಬ್ಬರು ಪಾಲುದಾರರು. ಎರಡನೆಯ ಸೀಸನ್ನಿನಲ್ಲಿ, 2006ರಲ್ಲಿ, ಗೈ ಫಿಯೆರಿ ಗೆದ್ದರು. ಕ್ಯಾಲಿಫೋರ್ನಿಯಾದಲ್ಲಿ ಸ್ವಂತ ರೆಸ್ಟೋರೆಂಟ್ ನಡೆಸುತ್ತಿದ್ದ ಈ ಮನುಷ್ಯನಿಗೆ ಬಹುಮಾನವಾಗಿ ಸಿಕ್ಕದ್ದು ಸ್ಟುಡಿಯೊ ಅಡುಗೆಯ ಒಂದು ಸರಣಿ, ಆದರೆ ಅವರನ್ನು ಮನೆಮಾತಾಗಿಸಿದ್ದು ಆಮೇಲೆ 2007ರಲ್ಲಿ ಬಂದ, ಊರೂರು ತಿರುಗಿ ರಸ್ತೆಬದಿಯ ಹೋಟೆಲುಗಳನ್ನು ತೋರಿಸುವ ಇನ್ನೊಂದು ಸರಣಿ. ಅಂದರೆ, ಮೂರನೆಯ ಸೀಸನ್ ತೆರೆಗೆ ಬರುವ ಹೊತ್ತಿಗೆ ವಾಹಿನಿಯ ಮುಂದೆ ಒಂದು ದೊಡ್ಡ ಯಶಸ್ಸಿನ ಮಾದರಿ ನಿಂತಿತ್ತು. ಆ ಯಶಸ್ಸು ಸ್ಪರ್ಧೆಯ ವಿಧಾನದಿಂದ ಬಂದದ್ದೋ, ಆ ಒಬ್ಬ ವ್ಯಕ್ತಿಯ ಸ್ವಭಾವದಿಂದ ಬಂದದ್ದೋ ಎಂದು ಬಿಡಿಸಿ ನೋಡುವ ಅಗತ್ಯ ಆಗ ಯಾರಿಗೂ ಕಂಡಿರಲಿಕ್ಕಿಲ್ಲ.

ಸ್ಪರ್ಧೆ ಏನನ್ನು ಅಳೆಯುತ್ತಿತ್ತು

ಮೂರನೆಯ ಸೀಸನ್ನಿಗೆ ಹನ್ನೊಂದು ಮಂದಿ ಆಯ್ಕೆಯಾಗಿದ್ದರು. ಗೆದ್ದವರಿಗೆ ಆರು ಸಂಚಿಕೆಗಳ ಸ್ವಂತ ಸರಣಿ ಎಂಬುದು ಬಹುಮಾನ. ಪ್ರತಿ ವಾರ ಒಂದು ಸವಾಲು, ತೀರ್ಪುಗಾರರ ಮುಂದೆ ವಿಚಾರಣೆ, ಒಬ್ಬಿಬ್ಬರ ನಿರ್ಗಮನ. ಕೊನೆಗೆ ಉಳಿಯುವ ಇಬ್ಬರಲ್ಲಿ ಯಾರು ಬೇಕೆಂಬುದನ್ನು ಪ್ರೇಕ್ಷಕರ ಮತಕ್ಕೆ ಬಿಡುವುದು ಆಗಿನ ಕ್ರಮ.

ಇಂಥ ಸ್ಪರ್ಧೆಯಲ್ಲಿ ರುಚಿಯಷ್ಟೇ, ಕೆಲವೊಮ್ಮೆ ರುಚಿಗಿಂತ ಹೆಚ್ಚಾಗಿ, ಕ್ಯಾಮೆರಾದ ಮುಂದಿನ ನಡವಳಿಕೆಯನ್ನು ನೋಡುತ್ತಾರೆ. ಹೊರಗಿನವರಿಗೆ ಇದು ಸುಲಭವೆನ್ನಿಸಬಹುದು. ಕೈ ಈರುಳ್ಳಿ ಹೆಚ್ಚುತ್ತಿರುವಾಗ ಕಣ್ಣು ಹಲಗೆಯ ಮೇಲಲ್ಲ, ಲೆನ್ಸಿನ ಮೇಲಿರಬೇಕು. ಬಾಣಲೆಯಲ್ಲಿ ಬೆಳ್ಳುಳ್ಳಿ ಕೆಂಪಗಾಗುತ್ತಿದ್ದರೂ ಬಾಯಿ ಮುಂದಿನ ಹಂತವನ್ನು ವಿವರಿಸುತ್ತಿರಬೇಕು. ಒಲೆಯ ಮೇಲಿರುವುದು ಬೇಯುವ ಮೊದಲೇ, ಪಕ್ಕದಲ್ಲಿ ಮೊದಲೇ ಬೇಯಿಸಿಟ್ಟ ಪಾತ್ರೆಯನ್ನು ಎತ್ತಿಕೊಂಡು ‘ನೋಡಿ, ಹೀಗೆ ಬಂದಿದೆ’ ಎಂದು ಸಹಜವಾಗಿ ದಾಟಬೇಕು. ಇಷ್ಟರ ನಡುವೆ ಫ್ಲೋರ್ ಮ್ಯಾನೇಜರ್ ಬೆರಳು ಮಡಚುತ್ತ ಉಳಿದ ಸೆಕೆಂಡುಗಳನ್ನು ತೋರಿಸುತ್ತಿರುತ್ತಾನೆ. ಮಾತು ಒಂದು ಕ್ಷಣ ತಡವರಿಸಿದರೆ ಕೈ ನಿಲ್ಲುತ್ತದೆ, ಕೈ ನಿಂತರೆ ಬೆಳ್ಳುಳ್ಳಿ ಸೀಯುತ್ತದೆ. ವರ್ಷಗಟ್ಟಲೆ ಹೋಟೆಲ್ ಅಡುಗೆಮನೆಯಲ್ಲಿ ದುಡಿದವರೂ ಇಲ್ಲಿ ಮಂಕಾಗಿಬಿಡುವುದುಂಟು, ಏಕೆಂದರೆ ಆ ಅಡುಗೆಮನೆಯಲ್ಲಿ ಕೆಲಸ ಮಾಡುವಾಗ ಯಾರಿಗೂ ಏನನ್ನೂ ವಿವರಿಸಬೇಕಾಗಿರುವುದಿಲ್ಲ.

ಇದರ ಜೊತೆಗೆ ಇನ್ನೊಂದು ಬೇಡಿಕೆ ಇತ್ತು, ಮುಂದಿನ ಬೆಳವಣಿಗೆಗಳಿಗೆ ಬೀಜವಾದದ್ದು ಅದೇ. ‘ನೀವು ಯಾರು, ಈ ಅಡುಗೆ ನಿಮ್ಮದು ಹೇಗೆ, ನಿಮ್ಮನ್ನೇ ಯಾಕೆ ನೋಡಬೇಕು’ ಎಂಬ ಪ್ರಶ್ನೆಗೆ ಪ್ರತಿ ಸ್ಪರ್ಧಿಯೂ ಮತ್ತೆ ಮತ್ತೆ ಉತ್ತರ ಕೊಡಬೇಕಾಗಿತ್ತು. ತೀರ್ಪುಗಾರರು ಇದನ್ನು ಸ್ಪರ್ಧಿಯ ‘ಪಾಯಿಂಟ್ ಆಫ್ ವ್ಯೂ’ ಎಂದು ಕರೆಯುತ್ತಿದ್ದರು. ಅಡುಗೆಗೆ ಬದುಕಿನ ಕಥೆ ಬೆರೆಯದಿದ್ದರೆ ಅದು ಸಪ್ಪೆ ಎನ್ನಿಸಿಕೊಳ್ಳುತ್ತಿತ್ತು. ಬೇಡಿಕೆ ತಪ್ಪೆಂದು ನಾನು ಹೇಳುವುದಿಲ್ಲ, ಯಾಕೆಂದರೆ ನೋಡುವವರಿಗೆ ನಿಜಕ್ಕೂ ಆ ಬಂಧ ಬೇಕಾಗುತ್ತದೆ. ಆದರೆ ಬದುಕಿನ ಕಥೆಗೆ ಅಂಕ ಕೊಡಲು ನಿರ್ಧರಿಸಿದ ಮೇಲೆ ಆ ಕಥೆ ಎಷ್ಟು ನಿಜ ಎಂದು ಪರಿಶೀಲಿಸುವ ಹೊಣೆಯೂ ಅಂಕ ಕೊಡುವವರ ಮೇಲೆ ಬೀಳುತ್ತದೆ.

ಸಮಸ್ಯೆ

ಸ್ಪರ್ಧಿ ಕ ಅವರ ಪರಿಚಯದಲ್ಲಿ ಎರಡು ಅಂಶಗಳು ಎದ್ದು ಕಾಣುತ್ತಿದ್ದವು: ಸೈನಿಕನಾಗಿ ಅಫ್ಘಾನಿಸ್ತಾನದಲ್ಲಿ ಸೇವೆ ಸಲ್ಲಿಸಿದ್ದು, ಮತ್ತು ಅಡುಗೆ ಕಲಿಸುವ ಸಂಸ್ಥೆಯೊಂದರಿಂದ ಪದವಿ ಪಡೆದದ್ದು. ಅಮೆರಿಕದ ಪಡೆಗಳು ಅಫ್ಘಾನಿಸ್ತಾನ ಮತ್ತು ಇರಾಕ್ ಎರಡೂ ಕಡೆ ಇದ್ದ ಕಾಲ ಅದು. ಯುದ್ಧಭೂಮಿಯಿಂದ ಮರಳಿ ಒಲೆಯ ಮುಂದೆ ನಿಂತ ಯುವಕ ಎಂಬ ಚಿತ್ರಕ್ಕೆ ಆಗ ಇದ್ದ ಭಾವನಾತ್ಮಕ ಬೆಲೆ ಎಷ್ಟೆಂದು ಬಿಡಿಸಿ ಹೇಳಬೇಕಿಲ್ಲ. ತೀರ್ಪುಗಾರರು ಒಬ್ಬೊಬ್ಬರನ್ನೇ ಹೊರಗೆ ಕಳುಹಿಸುತ್ತ ಬಂದು, ಕೊನೆಯ ಮೂವರಲ್ಲಿ ಗ ಅವರನ್ನೂ ಕೈಬಿಟ್ಟು, ಕ ಮತ್ತು ಖ ಇಬ್ಬರನ್ನು ಅಂತಿಮ ಸುತ್ತಿಗೆ ಆರಿಸಿದರು.

ಪ್ರೇಕ್ಷಕರ ಅಂತಿಮ ನಿರ್ಧಾರ ಹೊರಬೀಳುವ ಮೊದಲು ಆ ಎರಡೂ ಮಾತು ನಿಲ್ಲುವುದಿಲ್ಲವೆಂದು ಬಯಲಾಯಿತು. ಕ ಸೇನೆಯಲ್ಲಿದ್ದದ್ದು ನಿಜ, ಅಫ್ಘಾನಿಸ್ತಾನದಲ್ಲಿ ಸೇವೆ ಸಲ್ಲಿಸಿದ್ದು ನಿಜವಲ್ಲ. ಅಡುಗೆ ಶಾಲೆಗೆ ಹೋಗಿದ್ದು ನಿಜ, ಓದು ಪೂರೈಸಿದ್ದು ನಿಜವಲ್ಲ. ಎರಡರಲ್ಲಿಯೂ ಸುಳ್ಳು ಒಂದು ಸತ್ಯಕ್ಕೆ ಅಂಟಿಕೊಂಡೇ ಬೆಳೆದಿತ್ತು ಎಂಬುದನ್ನು ಗಮನಿಸಬೇಕು. ಏನೂ ಇಲ್ಲದ ಕಡೆ ಕಥೆ ಕಟ್ಟುವವರು ಕಡಿಮೆ. ಇದ್ದದ್ದಕ್ಕೆ ಒಂದು ಮಹಡಿ ಏರಿಸುವವರೇ ಹೆಚ್ಚು, ಮತ್ತು ಅವರನ್ನು ಕಂಡುಹಿಡಿಯುವುದೂ ಹೆಚ್ಚು ಕಷ್ಟ, ಯಾಕೆಂದರೆ ಅರ್ಧ ವಿಚಾರಿಸಿದವರಿಗೆ ಆ ಅರ್ಧ ನಿಜವಾಗಿಯೇ ಕಾಣುತ್ತದೆ. ‘ಈ ಶಾಲೆಯಲ್ಲಿ ಇವರು ಓದಿದ್ದಾರೆಯೇ’ ಎಂದು ಕೇಳಿದರೆ ಹೌದೆಂಬ ಉತ್ತರವೇ ಬರುತ್ತದೆ. ‘ಯಾವ ವರ್ಷ ಮುಗಿಸಿದರು’ ಎಂದು ಕೇಳಿದರೆ ಮಾತ್ರ ವಿಷಯ ಹೊರಗೆ ಬರುತ್ತದೆ.

ವಾಹಿನಿಗೆ ಇದರ ಹೊರೆ ದೊಡ್ಡದು. ಇಂಥ ರಿಯಾಲಿಟಿ ಸ್ಪರ್ಧೆಗಳ ಸಂಚಿಕೆಗಳು ಪ್ರಸಾರಕ್ಕೆ ಬಹಳ ಮುಂಚೆಯೇ ಚಿತ್ರೀಕರಣವಾಗಿರುತ್ತವೆ. ಪ್ರತಿ ವಾರದ ಕಥಾಹಂದರವೂ ಉಳಿದವರು ಮತ್ತು ಹೋದವರ ಸುತ್ತಲೇ ಹೆಣೆದುಕೊಂಡಿರುತ್ತದೆ. ಅಂತಿಮ ಸುತ್ತಿನವರೆಗೆ ಬಂದ ಒಬ್ಬರನ್ನು ಅದರಿಂದ ಕತ್ತರಿಸಿ ತೆಗೆಯುವುದು ಅಸಾಧ್ಯ. ಆರಂಭದಲ್ಲಿಯೇ, ಹನ್ನೊಂದು ಮಂದಿಯ ಪಟ್ಟಿ ಸಿದ್ಧವಾದಾಗ, ಒಂದೆರಡು ಪತ್ರ ಮತ್ತು ದೂರವಾಣಿ ಕರೆಗಳಲ್ಲಿ ಮುಗಿಯಬಹುದಾಗಿದ್ದ ಪರಿಶೀಲನೆಯ ಬೆಲೆ, ಕೊನೆಯ ವಾರದ ಹೊತ್ತಿಗೆ ಇಡೀ ಸೀಸನ್ನಿನ ಮರ್ಯಾದೆಯಷ್ಟಾಗಿತ್ತು.

ವಾಹಿನಿ ಏನು ಮಾಡಿತು

ಕ ಸ್ಪರ್ಧೆಯಿಂದ ಹಿಂದೆ ಸರಿದರು. ಅಲ್ಲಿಗೆ ವಾಹಿನಿಯ ಮುಂದೆ ಎರಡು ದಾರಿಗಳಿದ್ದವು ಎಂದು ತೋರುತ್ತದೆ. ಖ ಅವರನ್ನೇ ವಿಜೇತರೆಂದು ಘೋಷಿಸುವುದು ಒಂದು. ತೀರ್ಪುಗಾರರ ಲೆಕ್ಕದಲ್ಲಿ ಅವರು ಅದಕ್ಕೆ ಅರ್ಹರೂ ಆಗಿದ್ದರು. ಆದರೆ ಎದುರಾಳಿಯೇ ಇಲ್ಲದ ಗೆಲುವು ಅವರಿಗೂ ಹಿತವಾಗುತ್ತಿರಲಿಲ್ಲ, ಮತ ಹಾಕಲು ಕಾದಿದ್ದ ಪ್ರೇಕ್ಷಕರಿಗೂ ಮೋಸವೆನ್ನಿಸುತ್ತಿತ್ತು. ಕೊನೆಯದಾಗಿ ಹೊರಬಿದ್ದಿದ್ದ ಗ ಅವರನ್ನು ಮರಳಿ ಕರೆದು, ಅಂತಿಮ ಪೈಪೋಟಿಯನ್ನು ಮೊದಲಿನ ನಿಯಮದಂತೆಯೇ ನಡೆಸುವುದು ಇನ್ನೊಂದು. ವಾಹಿನಿ ಇದನ್ನೇ ಆರಿಸಿಕೊಂಡಿತು, ಮತ್ತು ಬದಲಾವಣೆಯ ಕಾರಣವನ್ನು ಪ್ರೇಕ್ಷಕರಿಗೆ ತಿಳಿಸಿತು.

ಇದು ಪ್ರಕರಣದ ಮೊದಲ ತಿರುವು. ತುರ್ತಿನಲ್ಲಿ ಕೈಗೊಂಡ ನಿರ್ಧಾರವಾಗಿ ಅದು ತಕ್ಕದ್ದೇ ಆಗಿತ್ತು ಎಂದು ನನಗನ್ನಿಸುತ್ತದೆ. ನಿಯಮವನ್ನು ಮುರಿಯದೆ, ಒಂದು ಸ್ಥಾನವನ್ನಷ್ಟೇ ತುಂಬಿದರು. ಮುಚ್ಚಿಡುವ ಪ್ರಯತ್ನ ಮಾಡಲಿಲ್ಲ. ಆದರೆ ಅದರಿಂದ ಖ ಅವರಿಗೆ ಆದ ಅನ್ಯಾಯದ ಬಗ್ಗೆ ಮಾತಾಡಿದವರು ಕಡಿಮೆ. ತಮ್ಮಿಂದ ಯಾವ ತಪ್ಪೂ ಆಗದೆ ಅವರು ಹೊಸ ಎದುರಾಳಿಯನ್ನು ಎದುರಿಸಬೇಕಾಯಿತು. ಅದೂ ತೀರ್ಪುಗಾರರ ಮುಂದೆ ತಾವು ಈಗಾಗಲೇ ಹಿಂದಿಕ್ಕಿದ್ದ ಎದುರಾಳಿಯನ್ನು. ಸೋತು ಮರಳಿ ಬಂದವರ ಮೇಲೆ ನೋಡುಗರಿಗೆ ಸಹಜವಾಗಿಯೇ ಒಂದು ಒಲವು ಹುಟ್ಟುತ್ತದೆ. ನೆಟ್ಟಗೆ ನಡೆದು ಬಂದವರಿಗೆ ಆ ಒಲವು ಸಿಗುವುದಿಲ್ಲ. ಬದಲಿ ಸ್ಪರ್ಧಿಯನ್ನು ತರುವ ನಿಯಮ ಮೊದಲೇ ಬರೆದಿಟ್ಟಿದ್ದರೆ, ಎಲ್ಲರೂ ಅದನ್ನು ಒಪ್ಪಿ ಆಟಕ್ಕೆ ಇಳಿದಿದ್ದರೆ, ಈ ದೂರಿಗೆ ಎಡೆ ಇರುತ್ತಿರಲಿಲ್ಲ.

ಮತ ಮತ್ತು ಫಲಿತಾಂಶ

2007ರ ಜುಲೈನಲ್ಲಿ ಅಂತಿಮ ಸಂಚಿಕೆ ಪ್ರಸಾರವಾದಾಗ ಪ್ರೇಕ್ಷಕರ ಮತದಲ್ಲಿ ಗೆದ್ದವರು ಗ.

ತೀರ್ಪುಗಾರರು, ಅಂದರೆ ವಾಹಿನಿಯ ಅಧಿಕಾರಿಗಳು ಮತ್ತು ಅನುಭವಿ ಬಾಣಸಿಗರು, ವಾರಗಟ್ಟಲೆ ಹತ್ತಿರದಿಂದ ನೋಡಿ ಗ ಅವರನ್ನು ಮೂರನೆಯ ಸ್ಥಾನದಲ್ಲಿ ನಿಲ್ಲಿಸಿದ್ದರು. ಟಿವಿಯ ಮುಂದೆ ಕುಳಿತವರು ಅದೇ ವ್ಯಕ್ತಿಯನ್ನು ಮೊದಲ ಸ್ಥಾನಕ್ಕೆ ಏರಿಸಿದರು. ಯಾರು ಸರಿ ಎಂದು ಕೇಳುವುದಕ್ಕಿಂತ, ಎರಡು ಗುಂಪಿನವರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿದ್ದರು ಎಂದು ಹೇಳುವುದು ಹೆಚ್ಚು ನಿಖರ. ಈ ವ್ಯಕ್ತಿ ಒಂದು ಸರಣಿಯನ್ನು ಹೊತ್ತು ನಡೆಸಬಲ್ಲರೇ ಎಂಬುದು ತೀರ್ಪುಗಾರರ ಪ್ರಶ್ನೆ. ಇವರನ್ನು ನಮ್ಮ ಮನೆಯಲ್ಲಿ ಕೂರಿಸಿಕೊಂಡು ನೋಡಲು ಇಷ್ಟವೇ ಎಂಬುದು ಪ್ರೇಕ್ಷಕರ ಪ್ರಶ್ನೆ. ಗ ಎರಡು ಚಿಕ್ಕ ಮಕ್ಕಳ ತಾಯಿ, ಫ್ರಾನ್ಸ್‌ನಲ್ಲಿ ಅಡುಗೆ ಕಲಿತು ಬಂದವರು, ಅಲ್ಲಿನ ಅಡುಗೆಯನ್ನು ಪಕ್ಕದ ಮನೆಯವರಿಗೆ ಹೇಳಿಕೊಡುವಂತೆ ಸರಳವಾಗಿ ತಿಳಿಸುವುದು ಅವರ ಶೈಲಿ. ಪ್ರೇಕ್ಷಕರು ಆ ಸರಳತೆಗೆ ಒಲಿದರು.

ಮರುವರ್ಷ, 2008ರಲ್ಲಿ, ಅಂತಿಮ ಆಯ್ಕೆಯನ್ನು ವಾಹಿನಿ ಪ್ರೇಕ್ಷಕರ ಮತಕ್ಕೆ ಬಿಡಲಿಲ್ಲ. ಆಯ್ಕೆ ಸಮಿತಿಯೇ ವಿಜೇತರನ್ನು ನಿರ್ಧರಿಸಿತು. ಮತದಾನ ಮತ್ತೆ ಕಾಣಿಸಿಕೊಂಡದ್ದು 2012ರ ಸೀಸನ್ನಿನಲ್ಲಿ.

ಗೆಲುವಿನ ನಂತರ

ಗ ಅವರ ಸರಣಿ ಅದೇ ವರ್ಷದ ಅಕ್ಟೋಬರ್‌ನಲ್ಲಿ ಆರಂಭವಾಯಿತು. ಬಹುಮಾನದಲ್ಲಿ ಹೇಳಿದ್ದ ಆರು ಸಂಚಿಕೆಗಳು ಮುಗಿದವು. ಅಲ್ಲಿಂದ ಮುಂದೆ ಹೋಗದೆ ಅವರು ಕೆಲಸ ಬಿಟ್ಟರು, ಮತ್ತು ಗಂಡ, ಮಕ್ಕಳೊಂದಿಗೆ ಕೆಲಕಾಲ ಫ್ರಾನ್ಸ್‌ಗೆ ಹೋಗಿ ನೆಲೆಸಿದರು. ಸ್ಪರ್ಧೆ ಮತ್ತು ಅದರ ನಂತರದ ದಿನಗಳು ತಮ್ಮ ದಾಂಪತ್ಯವನ್ನು ಎಷ್ಟು ಜಗ್ಗಿದವು ಎಂಬುದನ್ನು 2011ರಲ್ಲಿ ಪ್ರಕಟವಾದ ತಮ್ಮ ನೆನಪಿನ ಪುಸ್ತಕದಲ್ಲಿ ಅವರೇ ಬರೆದುಕೊಂಡರು.

ಇದನ್ನು ಸೋಲೆಂದು ಕರೆಯಲು ನನಗೆ ಮನಸ್ಸಿಲ್ಲ. ಕೆಲಸ ಮತ್ತು ಸಂಸಾರ ಎರಡನ್ನೂ ತೂಗಿ ನೋಡಿ ಅವರು ತಮಗೆ ಬೇಕಾದದ್ದನ್ನು ಉಳಿಸಿಕೊಂಡರು. ಆ ನಿರ್ಧಾರ ಅವರ ಸ್ವಂತದ್ದು. ‘ಹೆಂಗಸರಿಗೆ ಮನೆಯೇ ಮುಖ್ಯ, ಅದಕ್ಕೇ ಹೀಗಾಯಿತು’ ಎಂದು ಈ ಘಟನೆಯನ್ನು ಓದುವವರೂ ಇದ್ದಾರೆ. ಆ ಓದು ಅಸಡ್ಡೆಯದು. 2009ರಲ್ಲಿ ಇದೇ ಸ್ಪರ್ಧೆ ಗೆದ್ದ ಮೆಲಿಸ್ಸಾ ಡಿ’ಅರೇಬಿಯನ್ ನಾಲ್ವರು ಹೆಣ್ಣುಮಕ್ಕಳ ತಾಯಿ. ಅವರು ಕೆಲಸದಲ್ಲಿ ಮುಂದುವರಿದರು. ಹಾಗಾಗಿ ತಾಯ್ತನವನ್ನೋ ಹೆಣ್ತನವನ್ನೋ ಕಾರಣವಾಗಿ ಹಿಡಿದರೆ ಪ್ರಕರಣ ಅರ್ಥವಾಗುವುದಿಲ್ಲ. ಒಬ್ಬೊಬ್ಬರ ಬದುಕಿನ ಏರ್ಪಾಡು ಒಂದೊಂದು ಬಗೆ, ಮತ್ತು ಆಯ್ಕೆಯ ಪ್ರಕ್ರಿಯೆಯಲ್ಲಿ ಅದನ್ನು ಕೇಳಿ ತಿಳಿಯುವ ಜಾಗವೇ ಇರಲಿಲ್ಲ.

ಹೆಣ್ಣು ನೋಡಲು ಹೋದ ದಿನ ತಿಂದ ಉಪ್ಪಿಟ್ಟು, ಕೇಸರಿಬಾತಿನಿಂದ ಮುಂದಿನ ಸಂಸಾರ ಹೇಗಿರುತ್ತದೆಂದು ತಿಳಿಯುವುದಿಲ್ಲ ಎಂಬುದು ನಮ್ಮ ಹಿರಿಯರಿಗೆ ಗೊತ್ತಿದ್ದ ವಿಷಯ. ಸ್ಪರ್ಧೆ ಕೆಲವು ವಾರಗಳ ಕಾಲ ಮನೆ ಬಿಟ್ಟು ಇರಬಲ್ಲವರನ್ನು, ಒತ್ತಡದಲ್ಲಿ ಮಿಂಚಬಲ್ಲವರನ್ನು, ನಾಲ್ಕು ಮಾತಿನಲ್ಲಿ ತಮ್ಮನ್ನು ಪರಿಚಯಿಸಿಕೊಳ್ಳಬಲ್ಲವರನ್ನು ಮೇಲಕ್ಕೆ ತರುತ್ತದೆ. ನಿರೂಪಕರ ಕೆಲಸ ಬೇಡುವುದು ಬೇರೆಯದನ್ನು. ಒಂದೇ ಬಗೆಯ ಸಂಚಿಕೆಯನ್ನು ಹತ್ತಾರು ಸಲ ಹೊಸ ಉತ್ಸಾಹದಿಂದ ಮಾಡಬೇಕು. ಪಾಕವಿಧಾನವನ್ನು ಬರೆದು, ಪರೀಕ್ಷಿಸಿ, ಸಂಚಿಕೆಯ ಅವಧಿಗೆ ಇಳಿಸಬೇಕು. ಪ್ರಚಾರಕ್ಕೆ ಊರೂರು ಸುತ್ತಬೇಕು. ಅಪರಿಚಿತರು ತನ್ನ ಮನೆಯ ವಿಷಯ ಮಾತಾಡುವುದನ್ನು ಸಹಿಸಬೇಕು. ಕೊನೆಯದು ಎಲ್ಲಕ್ಕಿಂತ ಕಠಿಣವೆಂದು ಈ ಕ್ಷೇತ್ರದಲ್ಲಿರುವವರು ಹೇಳುತ್ತಾರೆ. ಸ್ಪರ್ಧೆಯ ಯಾವ ಸವಾಲೂ ಇದನ್ನು ಪರೀಕ್ಷಿಸುವುದಿಲ್ಲ, ಯಾಕೆಂದರೆ ಇದು ನೋಡಲು ಸ್ವಾರಸ್ಯವಾಗಿರುವುದಿಲ್ಲ.

ಇಲ್ಲಿ 2010ರ ಸೀಸನ್ನಿನ ಜೊತೆ ಹೋಲಿಸಿ ನೋಡುವುದು ಉಪಯುಕ್ತ. ಆ ವರ್ಷ ಗೆದ್ದವರು ಆರತಿ ಸಿಕ್ವೇರಾ. ಮುಂಬೈಯಲ್ಲಿ ಹುಟ್ಟಿ, ದುಬೈಯಲ್ಲಿ ಬೆಳೆದ, ಮಂಗಳೂರು ಮೂಲದ ಕುಟುಂಬದ ಇವರ ಗೆಲುವು ಕರಾವಳಿಯವರಿಗೆ ವಿಶೇಷ ಸಂತೋಷ ಕೊಟ್ಟಿತ್ತು. ಭಾರತೀಯ ಮಸಾಲೆಯನ್ನು ಅಮೆರಿಕದ ಮನೆ ಅಡುಗೆಗೆ ಸೇರಿಸುವ ಅವರ ಸರಣಿ ‘ಆರತಿ ಪಾರ್ಟಿ’ ಮೊದಲ ಕಂತಿಗೇ ನಿಲ್ಲದೆ ಮುಂದುವರಿಯಿತು. ಸ್ಪರ್ಧೆಗೆ ಬರುವ ಮೊದಲೇ ಅವರು ಪತ್ರಿಕೋದ್ಯಮ ಓದಿ ಸಿಎನ್‌ಎನ್‌ನಲ್ಲಿ ಕೆಲಸ ಮಾಡಿದ್ದರು, ಮತ್ತು ತಮ್ಮ ಮನೆಯ ಅಡುಗೆಮನೆಯಿಂದಲೇ ಅಂತರ್ಜಾಲಕ್ಕೆ ಅಡುಗೆ ವಿಡಿಯೊಗಳನ್ನು ಮಾಡಿ ಹಾಕುತ್ತಿದ್ದರು. ಹೀಗಾಗಿ ಗೆದ್ದ ಮೇಲೆ ಮಾಡಬೇಕಾಗಿದ್ದ ಕೆಲಸದ ಒಂದು ಚಿಕ್ಕ ರೂಪವನ್ನು, ಯಾರ ಒತ್ತಾಯವೂ ಇಲ್ಲದೆ, ಮೊದಲೇ ಮಾಡಿ ನೋಡಿದ್ದರು. ಫಿಯೆರಿಯವರದ್ದೂ ಒಂದು ರೀತಿಯಲ್ಲಿ ಇದೇ ಕಥೆ. ಸ್ವಂತ ರೆಸ್ಟೋರೆಂಟ್ ನಡೆಸುವ ಮನುಷ್ಯನಿಗೆ ರಾತ್ರಿ ಹಗಲೆನ್ನದೆ ಜನರ ನಡುವೆ ಇರುವುದು ಹೊಸತಾಗಿರಲಿಲ್ಲ.

ಪರಿಶೀಲನೆಯ ಪಾಠ ಎಷ್ಟು ಮಟ್ಟಿಗೆ ಇಳಿಯಿತು

ಕ ಅವರ ಪ್ರಸಂಗ ನಡೆದು ವರ್ಷ ತುಂಬುವ ಮೊದಲೇ, 2008ರ ಫೆಬ್ರುವರಿಯಲ್ಲಿ, ಅದೇ ವಾಹಿನಿಯ ಇನ್ನೊಬ್ಬ ನಿರೂಪಕರು ತಮ್ಮ ಹಿಂದಿನ ಸಾಧನೆಗಳ ಬಗ್ಗೆ ಉತ್ಪ್ರೇಕ್ಷೆ ಮಾಡಿದ್ದಾರೆಂಬುದನ್ನು ಫ್ಲೋರಿಡಾದ ಪತ್ರಿಕೆಯೊಂದು ಬಯಲಿಗೆಳೆಯಿತು. ಇವರು ಸ್ಪರ್ಧೆಯಿಂದ ಬಂದವರಲ್ಲ, ಸ್ವಂತ ಸರಣಿಯೊಂದಿಗೆ ನೆಲೆಯೂರಿದ್ದವರು. ಬ್ರಿಟನ್ನಿನ ರಾಜಮನೆತನದೊಂದಿಗಿನ ನಂಟಿನ ಮಾತು ಅದರಲ್ಲಿ ಮುಖ್ಯವಾಗಿತ್ತು. ವಾಹಿನಿ ಅವರ ಒಪ್ಪಂದವನ್ನು ನವೀಕರಿಸದೆ ಬೇರೊಬ್ಬರನ್ನು ಆ ಸರಣಿಗೆ ತಂದಿತು. ಅವರು ತಪ್ಪೊಪ್ಪಿಕೊಂಡರು, ಕೆಲಕಾಲದ ನಂತರ ಮರಳಿ ಬಂದು ಇಂದಿಗೂ ಜನಪ್ರಿಯರಾಗಿದ್ದಾರೆ. ಮುಂದೆ 2014ರ ಸೀಸನ್ನಿನ ವಿಜೇತರ ಹಳೆಯ ಅಂತರ್ಜಾಲ ಬರಹಗಳು ಗೆಲುವಿನ ಬೆನ್ನಿಗೇ ವಿವಾದವಾದವು. ಅವರು ಕ್ಷಮೆ ಕೇಳಿದರು, ಆದರೆ ಬಹುಮಾನದ ಸರಣಿ ತೆರೆಗೆ ಬರಲಿಲ್ಲ.

ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಬ್ಬ ವ್ಯಕ್ತಿಯ ಚಾರಿತ್ರ್ಯದ ಪ್ರಶ್ನೆಯಾಗಿ ಕ ಅವರ ಪ್ರಕರಣವನ್ನು ಮುಗಿಸಿಬಿಡುವುದು ಸಾಧ್ಯವಾಗುವುದಿಲ್ಲ. ಬದುಕಿನ ಕಥೆಯೇ ಬಂಡವಾಳವಾದ ಉದ್ಯಮದಲ್ಲಿ ಕಥೆ ಬೆಳೆಯುವುದು ನಿರೀಕ್ಷಿತವೇ. ಸುಳ್ಳು ಹೇಳಿದವರ ಹೊಣೆ ಇದರಿಂದ ಇಳಿಯುವುದಿಲ್ಲ. ಆದರೆ ‘ಇನ್ನೂ ಸ್ವಲ್ಪ ಹೇಳಿ, ನಿಮ್ಮ ಕಥೆ ಮನ ಮುಟ್ಟುತ್ತಿಲ್ಲ’ ಎಂದು ವಾರವಾರವೂ ಒತ್ತಾಯಿಸಿದವರ ಪಾಲು ಲೆಕ್ಕಕ್ಕೆ ಬರಲಿಲ್ಲ ಎಂಬುದನ್ನೂ ಹೇಳಲೇಬೇಕು.

ಇಂಥ ಆಯ್ಕೆ ನಡೆಸುವವರು ಮಾಡಬಹುದಾದದ್ದು

ಕನ್ನಡದಲ್ಲಿಯೂ ಅಡುಗೆ ನಿರೂಪಕರನ್ನು ಆಡಿಷನ್ ಮೂಲಕ ಹುಡುಕುವವರಿದ್ದಾರೆ. ಸಣ್ಣ ವಾಹಿನಿಗಳು, ಯೂಟ್ಯೂಬ್‌ಗಾಗಿ ಸರಣಿ ಮಾಡುವ ತಂಡಗಳು, ಮಸಾಲೆ ಪುಡಿ ಕಂಪನಿಗಳ ಪ್ರಚಾರ ವಿಭಾಗಗಳು ಈ ಕೆಲಸ ಮಾಡುತ್ತವೆ. ಅವರಿಗೆ ಈ ಪ್ರಕರಣದಿಂದ ನೇರವಾಗಿ ಒದಗುವ ಸಂಗತಿಗಳಲ್ಲಿ ಮೊದಲನೆಯದು ಸಮಯಕ್ಕೆ ಸಂಬಂಧಿಸಿದ್ದು. ಅಭ್ಯರ್ಥಿ ತನ್ನ ಬಗ್ಗೆ ಹೇಳಿಕೊಂಡ ಮಾತುಗಳಲ್ಲಿ ಯಾವುದನ್ನು ತೆರೆಯ ಮೇಲೆ ಬಳಸುತ್ತೇವೆಯೋ ಅದನ್ನು ಕ್ಯಾಮೆರಾ ಓಡುವ ಮೊದಲೇ ಪರಿಶೀಲಿಸಿ ಮುಗಿಸಬೇಕು. ಬಳಸದ ಮಾತಿನ ಬೆನ್ನು ಹತ್ತುವ ಅಗತ್ಯವಿಲ್ಲ. ಉಡುಪಿಯ ಮಠದಲ್ಲಿ ಅಡುಗೆ ಮಾಡಿದ್ದೇನೆ, ಅಜ್ಜಿ ಅರಮನೆಯಲ್ಲಿ ಅಡುಗೆಯವರಾಗಿದ್ದರು ಎಂಬಂಥ ಮಾತುಗಳು ಕೇಳಲು ಸೊಗಸು, ಅವುಗಳ ಮೇಲೆಯೇ ಪ್ರೋಮೊ ಕತ್ತರಿಸುತ್ತಾರೆ, ಆದ್ದರಿಂದಲೇ ಅವುಗಳನ್ನು ಮೊದಲು ವಿಚಾರಿಸಬೇಕು. ವಿಚಾರಿಸುವಾಗ ಹೌದು ಅಥವಾ ಇಲ್ಲ ಎಂಬ ಉತ್ತರ ಬರುವ ಪ್ರಶ್ನೆ ಕೇಳದೆ, ಯಾವ ವರ್ಷ, ಎಷ್ಟು ಕಾಲ, ಯಾರ ಕೈಕೆಳಗೆ ಎಂದು ಕೇಳಬೇಕು. ತಪ್ಪು ಕಂಡರೆ ಅಲ್ಲಿಯೇ, ಖಾಸಗಿಯಾಗಿ, ತಿದ್ದಿಕೊಳ್ಳುವ ಅವಕಾಶವನ್ನೂ ಕೊಡಬೇಕು. ಕ ಅವರಿಗೆ ಆ ಹಂತದಲ್ಲಿ ಅಂಥ ಅವಕಾಶ ದೊರೆತಿದ್ದರೆ, ಅಫ್ಘಾನಿಸ್ತಾನದ ಮಾತಿಲ್ಲದೆಯೂ ಅವರು ಬಹಳ ದೂರ ಬರುತ್ತಿದ್ದರೇನೋ, ಯಾಕೆಂದರೆ ತೀರ್ಪುಗಾರರು ಮೆಚ್ಚಿದ ಅಡುಗೆ ಅವರದ್ದೇ ಆಗಿತ್ತು.

ಮಧ್ಯದಲ್ಲಿ ಯಾರಾದರೂ ಬಿಟ್ಟರೆ ಏನೆಂಬುದನ್ನು ನಿಯಮದಲ್ಲಿ ಬರೆದಿಡುವುದು ಚಿಕ್ಕ ಕೆಲಸ. ಅದಕ್ಕೆ ಹೆಚ್ಚು ವಿವರಣೆ ಬೇಕಿಲ್ಲ.

ನಿಜವಾಗಿ ಕಷ್ಟವಿರುವುದು ಗ ಅವರ ವಿಷಯದಲ್ಲಿ. ಒಬ್ಬರ ಮನೆಯ ಏರ್ಪಾಡನ್ನು ಕೇಳುವ ಹಕ್ಕು ಆಯ್ಕೆಗಾರರಿಗಿಲ್ಲ, ಮತ್ತು ಕೇಳಲು ಹೊರಟರೆ ಆ ಪ್ರಶ್ನೆ ಹೆಂಗಸರ ಕಡೆಗಷ್ಟೇ ಹೋಗುತ್ತದೆ ಎಂಬುದು ನಮಗೆಲ್ಲ ಗೊತ್ತಿದೆ. ಆದ್ದರಿಂದ ಕೇಳುವ ಬದಲು ಹೇಳುವುದು ಉತ್ತಮ. ಗೆದ್ದರೆ ವರ್ಷದಲ್ಲಿ ಎಷ್ಟು ದಿನ ಚಿತ್ರೀಕರಣ, ಯಾವ ಊರಿನಲ್ಲಿ, ದಿನಕ್ಕೆ ಎಷ್ಟು ಸಂಚಿಕೆ, ಪ್ರಚಾರಕ್ಕೆ ಎಷ್ಟು ಪ್ರಯಾಣ, ಸಂಭಾವನೆ ಎಷ್ಟು, ಮೊದಲ ಒಪ್ಪಂದ ಮುಗಿದ ಮೇಲೆ ಮುಂದೇನು ಎಂಬುದನ್ನೆಲ್ಲ ಗಂಡಸು, ಹೆಂಗಸು ಎಂಬ ಭೇದವಿಲ್ಲದೆ ಪ್ರತಿಯೊಬ್ಬ ಅಭ್ಯರ್ಥಿಯ ಕೈಗೂ ಬರೆದು ಕೊಟ್ಟು, ಮನೆಗೆ ಒಯ್ದು ಓದಲು, ಮನೆಯವರೊಂದಿಗೆ ಮಾತಾಡಲು ಒಂದು ವಾರ ಬಿಡುವು ಕೊಟ್ಟು, ಆಮೇಲೆ ‘ಬರುತ್ತೀರಾ’ ಎಂದು ಕೇಳಿದರೆ ಕೆಲವರು ಅಲ್ಲಿಯೇ ಹಿಂದೆ ಸರಿಯುತ್ತಾರೆ. ಸರಿಯಲಿ. ಹಾಗೆಯೇ, ಕೊನೆಯ ನಾಲ್ಕೈದು ಮಂದಿಗೆ ಸ್ಪರ್ಧೆಯ ಸವಾಲಿನ ಬದಲು ನಿಜವಾದ ಕೆಲಸದ ಒಂದು ದಿನವನ್ನು ಕೊಡಬಹುದು: ಬೆಳಗಿನಿಂದ ಸಂಜೆಯವರೆಗೆ ಒಂದೇ ಅಡುಗೆಮನೆಯಲ್ಲಿ, ತೀರ್ಪುಗಾರರಿಲ್ಲದೆ, ಚಪ್ಪಾಳೆಯಿಲ್ಲದೆ ಮೂರು ಸಂಚಿಕೆ. ಮೂರನೆಯ ಸಂಚಿಕೆಯ ಹೊತ್ತಿಗೆ, ಅದೇ ಹುಳಿಗೆ ಅದೇ ಒಗ್ಗರಣೆಯನ್ನು ಟೇಕ್ ಸರಿಬರಲಿಲ್ಲವೆಂದು ಮತ್ತೊಮ್ಮೆ ಹಾಕುವಾಗ ಮುಖ ಹೇಗಿರುತ್ತದೆ ಎಂಬುದನ್ನು ನೋಡಿದ ನಿರ್ದೇಶಕರಿಗೆ ಆಯ್ಕೆಯ ಬಗ್ಗೆ ಬೇರೆ ಸುಳಿವು ಹೆಚ್ಚು ಬೇಕಾಗುವುದಿಲ್ಲ, ಮತ್ತು ಆ ದಿನ ಮುಗಿಸಿ ಮನೆಗೆ ಹೋದ ಅಭ್ಯರ್ಥಿಗೂ ಈ ಕೆಲಸ ತನಗೆ ಬೇಕೋ ಬೇಡವೋ ಎಂಬುದು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ತಿಳಿದಿರುತ್ತದೆ.